ಮಧ್ಯಾಹ್ನ ಹನ್ನೆರಡಕ್ಕೆ ಮುಳುಗಿದವರು

ಅಕ್ಟೋಬರ್ 27, ಭಾನುವಾರ

ಇವತ್ತು ಮಡಿಸಿದ ಕಾಗದದ ತಾವರೆ ನಲವತ್ತೊಂದು. ನಿನ್ನೆ ಅರವತ್ತೆರಡು. ಬೆರಳ ತುದಿಯೆಲ್ಲ ಹಳದಿ. ಸತ್ತವರು ಇದರ ಮೇಲೆ ಕೂತು ಆಚೆ ದಡ ಸೇರುತ್ತಾರಂತೆ. ಅಮ್ಮ ಕೊನೆಗೆ ನಲವತ್ತೆರಡು ಕೆಜಿ ಇದ್ದಳು. ಒಂದು ತಾವರೆ ಸಾಕಾಗಿತ್ತು. ದಿನಕ್ಕೆ ನೂರೆಂಟು ಬೇಕೆಂದು ದೊಡ್ಡತ್ತೆಯವರ ಅಪ್ಪಣೆಯಾಗಿದೆ.

ದೊಡ್ಡತ್ತೆ ಅಂದರೆ ಅಪ್ಪನ ಅಕ್ಕ. ಮೂರು ಬೀದಿಯಾಚೆ ಮನೆ. ಈಗ ನಮ್ಮ ಮನೆ ಮುಂದಿನ ಸೂತಕದ ಶಾಮಿಯಾನಕ್ಕೆ ಸ್ವಯಂಘೋಷಿತ ಅಧ್ಯಕ್ಷೆ. ಈಶಾನ್ಯದ ಗಾಳಿ ಎರಡು ಸಲ ಶಾಮಿಯಾನ ಕಿತ್ತಿತು. ದೊಡ್ಡತ್ತೆ ಅಲ್ಲಾಡಲಿಲ್ಲ.

ಏಳನೇ ದಿನದ ಪೂಜೆ ಆಯಿತು. ನಡೆಸಿಕೊಟ್ಟವರು ಕೋ ಅವರು. ಅಂತ್ಯಕ್ರಿಯೆ ಅವರ ವೃತ್ತಿ. ನಮ್ಮ ಈ ಪೆಂಗ್‌ಹು ದ್ವೀಪದಲ್ಲಿ ಅವರ ದನಿ ಕೇಳದೆ ಯಾರೂ ಮಣ್ಣಿಗೆ ಹೋಗುವಂತಿಲ್ಲ. ಜೇನಿನಲ್ಲಿ ಅದ್ದಿ ತೆಗೆದ ದನಿ.

“ಈಗ ಮಗಳು ಅಳಬೇಕು” ಅಂದರು, ಮೈಕಿನಲ್ಲಿ.

ಅಳತೊಡಗಿದೆ.

“ಸಾಕು” ಅಂದರು.

ನಿಲ್ಲಿಸಿದೆ. ಅಮ್ಮ ಇದ್ದಿದ್ದರೆ ಕೆಮ್ಮುವ ನೆಪದಲ್ಲಿ ಎದ್ದು ಒಳಗೆ ಹೋಗಿ ನಕ್ಕು ಬರುತ್ತಿದ್ದಳು.

ಆಮೇಲೆ ಕೋ ಅವರು ನವೆಂಬರ್ ಒಂಬತ್ತರ ಶವಸಂಸ್ಕಾರಕ್ಕೆ ಬರೆದ ಶ್ರದ್ಧಾಂಜಲಿ ಓದಿ ತೋರಿಸಿದರು. ‘ಹತ್ತು ವರ್ಷ ದ್ವೀಪದ ರೇಡಿಯೋದಲ್ಲಿ ವಾರ್ತೆ ತಂದು ವಾರ್ತೆ ಓದಿದ ಶ್ರೀಮತಿ ಯೆನ್ ಪಿ-ಯುನ್, ಏಕಮಾತ್ರ ಪುತ್ರಿಗಾಗಿ ಮೈಕನ್ನು ತ್ಯಜಿಸಿ ತೊಟ್ಟಿಲನ್ನು ತೂಗಿದ ತ್ಯಾಗಮಯಿ…’

ದೊಡ್ಡತ್ತೆ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದಳು. ನನ್ನ ಹತ್ತೊಂಬತ್ತು ವರ್ಷದ ಬದುಕಿನಲ್ಲಿ ಅವಳು ಸಾವಿರ ಸಲ ಹೇಳಿದ ಮಾತು ಅದು. “ನಿಮ್ಮಮ್ಮನ ದನಿ ತಿಂದು ಹುಟ್ಟಿದೋಳು ಕಣೇ ನೀನು.” ಹೊಸ ವರ್ಷದ ಊಟಕ್ಕೆ ಒಂದು ಸಲ, ಪಿತೃಗಳ ಗೋರಿ ಗುಡಿಸುವಾಗ ಒಂದು ಸಲ, ನಾನು ಪರೀಕ್ಷೆಯಲ್ಲಿ ಫೇಲಾದಾಗಲೆಲ್ಲ ಬೋನಸ್.

ನಾನು ನಗುತ್ತಿದ್ದೆ. ಅಮ್ಮ ತಟ್ಟೆಯಿಂದ ತಲೆಯೆತ್ತದೆ ಒಂದೇ ಮಾತು ಕೇಳುತ್ತಿದ್ದಳು — “ಆಧಾರ?” ಅದು ಅಮ್ಮನ ದೊಡ್ಡತನ ಅಂದುಕೊಂಡಿದ್ದೆ.

ಈಗ ಅದನ್ನು ಮೈಕಿನಲ್ಲಿ ಹೇಳುತ್ತಾರೆ. ಇಡೀ ಊರಿನೆದುರು. ಅಲ್ಲಿಗೆ ಅದು ಇತಿಹಾಸ.

ಅಕ್ಟೋಬರ್ 28. ಮಧ್ಯಾಹ್ನ

ತಾವರೆ ಮೂವತ್ತು. ಮುಷ್ಕರ ಹೂಡುವ ಯೋಚನೆಯಿದೆ.

ಅಮ್ಮನ ಬಗ್ಗೆ ಕೋ ಅವರ ಹಾಳೆಯಲ್ಲಿ ಇಲ್ಲದ್ದು, ನೆನಪಿಗೆ ಬಂದ ಹಾಗೆ:

ಐಸ್ ಫ್ಯಾಕ್ಟರಿ ಕೌಂಟರಿನಲ್ಲಿ ಅರ್ಧ ದಿನದ ಕೆಲಸ ಹಿಡಿದಿದ್ದಳು, ನಾಲ್ಕಕ್ಕೆ ಸರಿಯಾಗಿ ನನ್ನ ಶಾಲೆ ಗೇಟಿನಲ್ಲಿ ಇರಬೇಕೆಂದು. ಗಾಳಿಗೆ ಸ್ಕೂಟರ್ ಮಗುಚಿಬಿದ್ದ ದಿನವೂ ನಾಲ್ಕಕ್ಕೇ ಇದ್ದಳು. ಮೊಣಕಾಲಲ್ಲಿ ರಕ್ತ. “ಇವತ್ತಿನ ಮುಖ್ಯಾಂಶಗಳು?” ಅಂತ ಕೇಳಿದಳು. ದಿನಾ ಕೇಳುವುದು ಅದನ್ನೇ.

‘ಎಲ್ಲರೂ ಹೇಳ್ತಾರೆ’ ಅಂದರೆ ಒಪ್ಪುತ್ತಿರಲಿಲ್ಲ. “ಯಾರು ಎಲ್ಲರು? ಇಬ್ಬರ ಹೆಸರು ಹೇಳು.” ಇಬ್ಬರಿಲ್ಲದಿದ್ದರೆ ಸುದ್ದಿಯಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಚಾಡಿ ಅನ್ನುವುದು ಬೆಳೆಯಲೇ ಇಲ್ಲ. ಗೊಬ್ಬರ ಸಾಲಲಿಲ್ಲ.

ಆರನೇ ಕ್ಲಾಸಿನಲ್ಲಿ ಹೆಡ್‌ಮಾಸ್ಟರ ಹೆಲ್ಮೆಟ್ಟಿನೊಳಗೆ ಒಣ ಸ್ಕ್ವಿಡ್ ಮೀನು ಇಟ್ಟೆ. ಕ್ಷಮಾಪಣೆ ಪತ್ರ ಐದು ಸಲ ತಿರುಗಿ ಬರೆಸಿದಳು. ‘ತಪ್ಪಾಯಿತು’ ಸಾಲದಂತೆ. ಯಾರು, ಯಾವಾಗ, ಎಲ್ಲಿ, ಎಷ್ಟು ಸ್ಕ್ವಿಡ್. ಕೊನೆಯ ಪ್ರತಿ ಎಷ್ಟು ಚೆನ್ನಾಗಿತ್ತೆಂದರೆ ಹೆಡ್‌ಮಾಸ್ಟರು ಅದನ್ನು ಇಟ್ಟುಕೊಂಡು ನನ್ನನ್ನು ಬಿಟ್ಟುಬಿಟ್ಟರು.

ಸಿಹಿಗುಂಬಳದ ಅಕ್ಕಿಶಾವಿಗೆ ಮಾಡುವಾಗ ಪಕ್ಕದ ಕೋಣೆಯಲ್ಲಿ ಮಧ್ಯಾಹ್ನದ ವಾರ್ತೆ ಹಾಕಿರುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ಓದುವವರಿಗಿಂತ ಅರ್ಧ ಕ್ಷಣ ಮುಂದೆ.

ಅದನ್ನು ನೋಡಿದಾಗಲೆಲ್ಲ ದೊಡ್ಡತ್ತೆಯ ಮಾತು ನಿಜವೇನೋ ಅನ್ನಿಸಿ… ಬೇಡ. ತಾವರೆ ಮಡಿಸುತ್ತೇನೆ.

ಅಕ್ಟೋಬರ್ 30. ಸಂಜೆ ಐದು

ಮಹತ್ವದ ಶೋಧ. ಮಾನವಕುಲ ಎದ್ದು ನಿಲ್ಲತಕ್ಕದ್ದು.

ಕಾರ್ಮಿಕ ವಿಮೆಯ ಆಫೀಸಿಗೆ ಅಮ್ಮನ ಕಾಗದಪತ್ರ ಕೊಡಲು ಹೋಗಿದ್ದೆ. ಕೌಂಟರಿನ ಹೆಂಗಸು ಹಳೆಯ ನೌಕರಿಗಳ ಪಟ್ಟಿ ಅಚ್ಚು ಹಾಕಿ ಕೊಟ್ಟಳು. ರೇಡಿಯೋ ಕೆಲಸ ಮುಗಿದ ದಿನ: 2004, ಫೆಬ್ರವರಿ 11.

ನಾನು ಹುಟ್ಟಿದ್ದು 2005, ಜನವರಿ 20.

ಬೆರಳು ಮಡಿಸಿ ಎಣಿಸಿದೆ. ಹನ್ನೊಂದು ತಿಂಗಳು, ಮೇಲೆ ಒಂಬತ್ತು ದಿನ. ಕುದುರೆಗಾದರೆ ಸರಿಹೋಗುತ್ತದೆ. ನಾನು ಕುದುರೆಯಲ್ಲ. (ದೊಡ್ಡತ್ತೆಗೆ ಬೇರೆ ಅಭಿಪ್ರಾಯವಿರಬಹುದು.)

ಇನ್ನೂ ಇದೆ. ಅಪ್ಪ ಅಮ್ಮನ ಮದುವೆ ಆದದ್ದು ಅದೇ ವರ್ಷ ಏಪ್ರಿಲ್‌ನಲ್ಲಿ. ಅಂದರೆ ಅಮ್ಮ ಕೆಲಸ ಬಿಟ್ಟ ದಿನ ನಾನು ಹೊಟ್ಟೆಯಲ್ಲಿರುವುದು ಹಾಗಿರಲಿ, ಕಾರ್ಯಸೂಚಿಯಲ್ಲೂ ಇರಲಿಲ್ಲ. ಕೃತ್ಯ ನಡೆದಾಗ ಆರೋಪಿ ಸ್ಥಳದಲ್ಲಿರಲಿಲ್ಲ. ಭೂಲೋಕದಲ್ಲೇ ಇರಲಿಲ್ಲ.

ಶಾಮಿಯಾನಕ್ಕೆ ಓಡಿಬಂದು ದೊಡ್ಡತ್ತೆಯ ಮುಂದೆ ಹಾಳೆ ಹಿಡಿದೆ.

“ಅದಕ್ಕೇನೀಗ? ಮುಂದೆ ಮಗು ಆಗತ್ತೆ ಅಂತ ಮೊದ್ಲೇ ಬಿಟ್ಟಿರ್ತಾಳೆ.”

“ಮದ್ವೇನೇ ಆಗಿರ್ಲಿಲ್ವಲ್ಲ ಅತ್ತೆ.”

“ಹೆಂಗಸ್ರಿಗೆ ದೂರದೃಷ್ಟಿ ಇರತ್ತೆ. ನಿಂಗಿಲ್ಲ ಅಂದ್ಮಾತ್ರಕ್ಕೆ…”

“ಹಂಗಾದ್ರೆ ಯಾಕೆ ಬಿಟ್ಲು? ನಿಜವಾಗ್ಲೂ?”

“ಸತ್ತೋರ ಮುಂದೆ ಪೊಲೀಸ್ ಥರ ಕೇಳ್ಬೇಡ. ತಾವರೆ ಎಷ್ಟಾಯ್ತು?”

ಅಪ್ಪ ಮೂಲೆಯಲ್ಲಿ ಧೂಪದ ಬೂದಿ ತೆಗೆಯುತ್ತಿದ್ದ. ಕೈ ನಿಂತಿತ್ತು. ಅಪ್ಪ ಯಾವತ್ತೂ ಏನೂ ಹೇಳುವವನಲ್ಲ. ರೇಡಿಯೋ ಕೇಂದ್ರದಲ್ಲಿ ಟೆಕ್ನಿಷಿಯನ್, ಇವತ್ತಿಗೂ. ಇಪ್ಪತ್ತೆಂಟು ವರ್ಷದಲ್ಲಿ ಮೈಕಿನ ಮುಂದೆ ಅವನು ಆಡಿರುವ ಮಾತು ‘ಒಂದು, ಎರಡು, ಮೂರು’.

ನವೆಂಬರ್ 2, ಶನಿವಾರ

ಬೆಳಿಗ್ಗೆ ಒಬ್ಬ ಮುದುಕ ಬಂದ. ಬಿಸಿಲಿಗೆ ಕಂದಿದ ಮುಖ, ಕೈಯಲ್ಲಿ ಒಣ ಸ್ಕ್ವಿಡ್ಡಿನ ಕಟ್ಟು. ಸೂತಕದಲ್ಲಿ ನಾವು ಸಸ್ಯಾಹಾರ. ದೊಡ್ಡತ್ತೆ ಕಣ್ಣಲ್ಲೇ ತಡೆದಳು. ಅವನಿಗೆ ಕಾಣಿಸಲಿಲ್ಲ. ಕಟ್ಟನ್ನು ಅಮ್ಮನ ಫೋಟೋ ಮುಂದೆ ಇಟ್ಟು, ಊದುಬತ್ತಿ ಹಚ್ಚಿ, ಗಟ್ಟಿಯಾಗಿ ಅಂದ:

“ರಿಪೋರ್ಟರಮ್ಮ, ನೀನು ಸಾಯ್ಸಿದೋನು ಬಂದಿದೀನಿ.”

ನಾನು ಅವನ ತೋಳು ಹಿಡಿದುಕೊಂಡೆ. ಚಹಾ ಕುಡಿಸಿದೆ. ಕಡಲೆಕಾಯಿ ಸುರಿದೆ. ಕದಲಲು ಬಿಡಲಿಲ್ಲ.

ಹೆಸರು ಲೂ ಮಾನ್-ಶಾನ್. ಶುನ್-ಮಾನ್ ಅನ್ನುವ ಮೀನುದೋಣಿ ನಡೆಸುವ ತಾಂಡೇಲ. ಕಥೆ ಹೀಗೆ:

ಎಲ್ಲ ದೋಣಿಯಲ್ಲೂ ರಿಂಗ್ ಇರಬೇಕು ಅಂತ ಕಾನೂನು. ನೀರಿಗೆ ಬಿದ್ದವರಿಗೆ ಎಸೆಯುವ ಕಿತ್ತಳೆ ಬಣ್ಣದ್ದು, ಮೇಲೆ ದೋಣಿಯ ಹೆಸರು. ಯಾರ ಬಳಿಯೂ ಪೂರ್ತಿ ಇರುವುದಿಲ್ಲ. ಹಾಗಾಗಿ ಬಂದರಿನ ಇನ್‌ಸ್ಪೆಕ್ಟರ್ ಒಂದು ದೋಣಿಯಿಂದ ಇನ್ನೊಂದಕ್ಕೆ ದಾಟುವುದರೊಳಗೆ ರಿಂಗುಗಳೂ ಹಿಂದಿನಿಂದ ದಾಟುತ್ತವೆ. ಹೆಸರಿರುವ ಬದಿಯನ್ನು ಗೋಡೆಗೆ ತಿರುಗಿಸಿ ನೇತುಹಾಕಿದರೆ ಆಯಿತು. ಇಡೀ ಬಂದರಿಗೆ ಒಂದೇ ಸಂಸಾರದ ರಿಂಗುಗಳು.

“ನಮ್ದು ಪಕ್ಕದ ಬೋಟಲ್ಲೇ ಉಳ್ಕೊಂಡಿತ್ತು. ಅವನು ಅದನ್ನ ನೀರಿಗೆ ಬೀಳಿಸ್ಕೊಂಡ. ಪಡುವಣ ದಡಕ್ಕೆ ಹೋಗಿ ಬಿತ್ತು. ಜೊತೆಗೆ ಯಾವ್ದೋ ನಾಲ್ಕು ಮುರಿದ ಹಲಗೆ. ನಾವು ಆರು ಜನ ಗಾಳಿ ಜೋರು ಅಂತ ದಕ್ಷಿಣದ ದ್ವೀಪದಲ್ಲಿ ಇಸ್ಪೀಟಾಡ್ತಾ ಕೂತಿದೀವಿ. ಇಲ್ಲಿ ಹನ್ನೆರಡರ ವಾರ್ತೇಲಿ ನಿಮ್ಮಮ್ಮ ಓದೇಬಿಟ್ಲು — ಶುನ್-ಮಾನ್ ಮುಳುಗಿತು, ಆರು ಜನ ಸತ್ತರು. ಸಾಯಂಕಾಲ ಮನೆಗೆ ಬಂದ್ರೆ ನನ್ನ ಫೋಟೋಗೇ ಊದುಬತ್ತಿ. ಹೆಂಡ್ತಿ ನನ್ನ ನೋಡಿ ಪೊರಕೆ ತಗೊಂಡ್ಲು.”

“ಭೂತ ಅಂತಾನಾ?”

“ಇಸ್ಪೀಟಾಡ್ತಿದ್ದೆ ಅಂತ.”

ನಕ್ಕ. ಆಮೇಲೆ ನಗಲಿಲ್ಲ. ನಗುವಂಥದ್ದಾಗಿರಲಿಲ್ಲವಂತೆ. ಮರುದಿನ ಅವರ ಮೀನು ಯಾರೂ ಕೊಳ್ಳಲಿಲ್ಲ. ರೇಡಿಯೋದಲ್ಲಿ ಸತ್ತವರ ಕೈಮೀನು. ಪಕ್ಕದ ದೋಣಿಯವರು ಹಗ್ಗ ಬಿಚ್ಚಿ ದೂರ ಕಟ್ಟಿಕೊಂಡರು. ಬಾಯಲ್ಲಿ ಹೇಳಿದ ಸಾವನ್ನು ಅದೇ ಬಾಯಿ ವಾಪಸು ತಗೊಳ್ಳಬೇಕು ಅನ್ನುವುದು ಬಂದರಿನ ನಂಬಿಕೆ. ರೇಡಿಯೋ ಕೇಂದ್ರದ ಮುಖ್ಯಸ್ಥ ಒಪ್ಪಲಿಲ್ಲ. ಬದುಕಿರುವುದು ಕಣ್ಣಿಗೆ ಕಾಣುತ್ತಿದೆಯಲ್ಲ, ರೇಡಿಯೋ ತಪ್ಪು ಮಾಡಿತು ಅಂತ ಯಾಕೆ ಸಾರಬೇಕು?

“ಮೂರು ದಿನ ಆದ್ಮೇಲೆ, ಮಧ್ಯಾಹ್ನ ಹನ್ನೆರಡಕ್ಕೇ, ಯಾರನ್ನೂ ಕೇಳ್ದೆ ನಿಮ್ಮಮ್ಮ ಓದಿದ್ಲು. ‘ಭಾನುವಾರ ಇದೇ ಹೊತ್ತಿಗೆ ನಾನು ಆರು ಜನ ಸತ್ತರು ಅಂದೆ. ಅದು ತಪ್ಪು. ಅವರು ಬದುಕಿದ್ದಾರೆ.’ ಅಷ್ಟಕ್ಕೇ ಬಿಡ್ಲಿಲ್ಲ. ಆರು ಜನರ ಹೆಸರು. ಊರು. ವಯಸ್ಸು. ಒಬ್ಬೊಬ್ಬರ ಹೆಸರಾದ್ಮೇಲೂ ‘ಬದುಕಿದ್ದಾರೆ’. ಮಾರ್ಕೆಟ್ಟಲ್ಲಿ ಹೆಂಗಸ್ರೆಲ್ಲ ರೇಡಿಯೋ ಸುತ್ತ ನಿಂತ್ಕೊಂಡಿದ್ರು. ವಾರ್ತೆ ಮುಗಿಯೋ ಹೊತ್ಗೆ ನನ್ನ ಬುಟ್ಟಿ ಖಾಲಿ.”

“ಅಮ್ಮನಿಗೇನಾಯ್ತು?”

“ಮಧ್ಯಾಹ್ನಾನೇ ಮನೆಗೆ ಕಳ್ಸಿದ್ರು. ಆ ಹಾಳೆ ಬರೆದು ಕೊಟ್ಟೋರು ಯಾರು ಹೇಳು, ನಿನ್ನ ಕೆಲ್ಸ ಉಳಿಯತ್ತೆ ಅಂದ್ರಂತೆ. ಹೇಳ್ಲಿಲ್ಲ. ಓದಿದ ಬಾಯಿ ನಂದು ಅಂದ್ಲಂತೆ.”

“ಯಾರು ಬರೆದದ್ದು?”

“ಗೊತ್ತಿಲ್ಲ ಮಗ. ಯಾರಿಗೂ ಗೊತ್ತಿಲ್ಲ.”

ತೊಟ್ಟಿಲಂತೆ!

ಅಮ್ಮ ಮೈಕನ್ನು ತ್ಯಜಿಸಲಿಲ್ಲ. ಮೈಕಿನಲ್ಲಿ ಆರು ಜನರಿಗೆ ಜೀವ ಕೊಟ್ಟು ಹೊರಗೆ ನಡೆದಳು. ನಾನು ಶಾಮಿಯಾನದ ಹಿಂದೆ ಹೋಗಿ ಒಂದು ಸಲ ಕುಣಿದೆ. ಸೂತಕದಲ್ಲಿ ಕುಣಿಯಬಾರದು ಅಂತ ಯಾರೂ ಬರೆದಿಟ್ಟಿಲ್ಲ, ಯಾಕೆಂದರೆ ಯಾರಿಗೂ ಹೊಳೆದಿಲ್ಲ.

ನವೆಂಬರ್ 3. ಮಧ್ಯಾಹ್ನ ಮೂರು

ಗಾಳಿಗೆ ಶಾಮಿಯಾನದ ಹಗ್ಗ ಬಿಚ್ಚಿತ್ತು. ಅಪ್ಪ ಒಂದು ತುದಿ, ನಾನು ಇನ್ನೊಂದು.

“ಅಪ್ಪ, ಆ ಹಾಳೆ ಯಾರು ಬರೆದದ್ದು?”

“ಆ ಕಡೆ ಎಳಿ.”

“ನೀನೂ ಆಗ ಅಲ್ಲೇ ಇದ್ಯಲ್ಲ.”

“ಇನ್ನೂ ಎಳಿ.”

ಎಳೆದೆ. ಅಪ್ಪ ಗಂಟು ಹಾಕಿದ. ಬಿಚ್ಚಿದ. ಮತ್ತೆ ಹಾಕಿದ.

“ನಾನೇ” ಅಂದ.

ಅವತ್ತು ಭಾನುವಾರ, ಕೇಂದ್ರದಲ್ಲಿ ಅಪ್ಪ ಅಮ್ಮ ಇಬ್ಬರೇ. ಬಂದರಿನಿಂದ ಫೋನ್ ಬಂದಾಗ ಅಮ್ಮ ಊಟ ಬಿಸಿ ಮಾಡಲು ಹೋಗಿದ್ದಳು. ರಿಂಗ್ ಸಿಕ್ಕಿದೆ, ಹಲಗೆ ಸಿಕ್ಕಿದೆ, ದೋಣಿಯ ಸುಳಿವಿಲ್ಲ. ‘ಶಂಕೆ’ ಅನ್ನುವ ಒಂದು ಪದ ಅಪ್ಪ ಬರೆಯಲಿಲ್ಲ. ಹನ್ನೆರಡಕ್ಕೆ ಒಂದು ನಿಮಿಷವಿತ್ತು.

“ಅಮ್ಮ ಕೇಳ್ಲಿಲ್ವಾ? ಎರಡನೇ ಆಧಾರ?”

“ಎಲ್ಲರ್ನೂ ಕೇಳ್ತಿದ್ಲು. ಅವತ್ತು ಕೇಳ್ಲಿಲ್ಲ.” ಅಪ್ಪನ ಕಿವಿ ಕೆಂಪಾಯಿತು. ಐವತ್ತಾರು ವರ್ಷದ ಕಿವಿ. “ಬರೆದೋನು ನಾನು ಅಂತ.”

ಓಹೋ.

“ಹೇಳಿದ್ರೆ ನನ್ನ ಕೆಲ್ಸ ಹೋಗ್ತಿತ್ತು. ನಮ್ಮಮ್ಮ ಹಾಸಿಗೆ ಹಿಡಿದಿದ್ರು. ಅದಕ್ಕೇ ಅವ್ಳು ಬಾಯಿ ಬಿಡ್ಲಿಲ್ಲ. ಆಮೇಲೆ ನಾನು ಅಂದೆ, ಈಗ್ಲಾದ್ರೂ ನೀನೇ ಹೇಳ್ಬಿಡು ಎಲ್ಲರ್ಗೂ. ಅದಕ್ಕೆ ‘ನಾನು ಓದಿದ್ದನ್ನ ನಾನು ತಿದ್ದಾಯ್ತು. ನೀನು ಬರೆದದ್ದನ್ನ ನೀನೇ ತಿದ್ಬೇಕು. ಟೈಮ್ ತಗೋ’ ಅಂದ್ಲು.”

“ತಗೊಂಡೆ ನೀನು” ಅಂದೆ.

“ತಗೊಂಡೆ” ಅಂದ ಅಪ್ಪನೂ.

“ಅಷ್ಟೂ ವರ್ಷ ನನ್ನ ತಲೆ ಮೇಲೆ ಇತ್ತಲ್ಲಪ್ಪ ಅದು.”

“ನೀನು ನಗ್ತಿದ್ದೆ. ತಮಾಷೆಗೆ ತಗೊಂಡಿದೀಯ ಅನ್ಕೊಂಡೆ.”

“ನಾನು ಎಲ್ಲಕ್ಕೂ ನಗ್ತೀನಪ್ಪ.”

ಅಪ್ಪ ಹಗ್ಗ ಬಿಟ್ಟುಬಿಟ್ಟ. ಶಾಮಿಯಾನ ಇಬ್ಬರ ತಲೆ ಮೇಲೂ ಬಿತ್ತು. ಅದರಡಿಯಿಂದ ಹೊರಬರಲು ಸ್ವಲ್ಪ ಹೊತ್ತು ಹಿಡಿಯಿತು. ಅವಸರವೂ ಇರಲಿಲ್ಲ.

ನವೆಂಬರ್ 7

ನಾಲ್ಕು ದಿನ ಬರೆದಿಲ್ಲ. ಅಪ್ಪ ನಾಲ್ಕು ದಿನದಿಂದ ಸರಿಯಾಗಿ ಉಂಡಿಲ್ಲ. ಕೆಲಸಕ್ಕೆ ಹೋಗುತ್ತಾನೆ, ಬರುತ್ತಾನೆ. ಒಂಬತ್ತನೇ ತಾರೀಕು ಎಲ್ಲರೆದುರು ನೀನೇ ಹೇಳು ಅಂದಿದ್ದಕ್ಕೆ ತಲೆಯಾಡಿಸಿದ. ಹೌದೋ ಅಲ್ಲವೋ ತಿಳಿಯದಂಥ ಆಡಿಸುವಿಕೆ. ನಾನೇ ಹೇಳಿಬಿಡಬಹುದು. ಆದರೆ ಅಮ್ಮ ಇಪ್ಪತ್ತು ವರ್ಷ ಬಾಯಿ ಕಟ್ಟಿಕೊಂಡದ್ದನ್ನು ನಾನು ಆರು ದಿನದಲ್ಲಿ ಉಗುಳಿದರೆ ಅವಳ ಮಗಳು ಹೇಗಾದೇನು?

ಕೋ ಅವರಿಗೆ ಹೇಳಿ ತೊಟ್ಟಿಲಿನ ಸಾಲು ತೆಗೆಸಿದೆ. ದೊಡ್ಡತ್ತೆ ಹೋಗಿ ಮತ್ತೆ ಸೇರಿಸಿದಳು. ತೆಗೆಸಿದೆ. ಸೇರಿಸಿದಳು.

“ಆ ಸಾಲಿಗೇ ಜನ ಅಳೋದು ಕಣೇ” ಅಂದಳು.

ನವೆಂಬರ್ 8. ಬೆಳಿಗ್ಗೆ ಹತ್ತು

ಕೋ ಅವರ ಆಫೀಸಿಗೆ ಹೋಗಿದ್ದೆ. ನಾಳೆ ಮನೆಯವರ ಪೂಜೆ ಮುಗಿದ ಮೇಲೆ ಸಂಘ ಸಂಸ್ಥೆಗಳು ಒಂದೊಂದಾಗಿ ಬಂದು ತಲೆಬಾಗುತ್ತವೆ. ಮೀನುಗಾರರ ಸಂಘ, ಐಸ್ ಫ್ಯಾಕ್ಟರಿ, ದೇವಸ್ಥಾನದ ಕಮಿಟಿ. ಮೊದಲೇ ಫಾರಂ ತುಂಬಿ ಕೊಡಬೇಕು. ಕೋ ಅವರು ಫಾರಂನಲ್ಲಿ ಏನಿದೆಯೋ ಅದನ್ನು ಓದುತ್ತಾರೆ. ಮೊದಲು ಓದಿ ನೋಡುವ ಅಭ್ಯಾಸವಿಲ್ಲ.

ನಾನು ಅತ್ಯಂತ ಗಂಭೀರ ಮುಖ ಮಾಡಿಕೊಂಡು ಒಂದು ಫಾರಂ ತುಂಬಿದೆ. ಲೂ ತಾತನ ಒಪ್ಪಿಗೆಯಿದೆ. ಫೋನಿನಲ್ಲಿ ಅವನಿಗೆ ಉಸಿರು ಸಿಕ್ಕಿಕೊಳ್ಳುವಷ್ಟು ನಗು. “ಸಂಘಕ್ಕೆ ಚಂದಾ ಎಷ್ಟು?” ಅಂತ ಬೇರೆ.

ನವೆಂಬರ್ 9, ಶನಿವಾರ. ಸಂಜೆ

ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ಒಂಬತ್ತಕ್ಕೆ ಶುರು. ಮನೆಯವರ ಪೂಜೆ. ಅಳಬೇಕಾದಲ್ಲಿ ಅತ್ತದ್ದಾಯಿತು. ಕೋ ಅವರು ಶ್ರದ್ಧಾಂಜಲಿ ಬಿಚ್ಚಿದರು. ನಾನೂರು ಜನ. ಜೇನುದನಿ ಹರಿಯಿತು. ಹುಟ್ಟು, ಶಾಲೆ, ರೇಡಿಯೋ.

“…ಏಕಮಾತ್ರ ಪುತ್ರಿಗಾಗಿ ಮೈಕನ್ನು ತ್ಯಜಿ—”

ದನಿ ನಿಂತುಹೋಯಿತು. ಕೋ ಅವರ ಬಾಯಿ ಆಡುತ್ತಲೇ ಇತ್ತು.

ಸ್ಪೀಕರಿನ ಪಕ್ಕದಲ್ಲಿ ಅಪ್ಪ ನಿಂತಿದ್ದ. ಕೈಯಲ್ಲಿ ಕಿತ್ತ ವೈರು.

ಅಪ್ಪ ನಡೆದುಬಂದು ಕೋ ಅವರ ಕೈಯಿಂದ ಮೈಕ್ ತಗೊಂಡ. ವಾಪಸು ಹೋಗಿ ವೈರು ಸಿಕ್ಕಿಸಿದ. ಬೆರಳಿನಿಂದ ತಟ್ಟಿದ.

“ಒಂದು, ಎರಡು, ಮೂರು” ಅಂದ.

ಯಾರೋ ಕಿಸಕ್ಕೆಂದರು. ನಾನಲ್ಲ, ಆಣೆ.

“ತಿದ್ದುಪಡಿ” ಅಂದ ಅಪ್ಪ. “2004, ಫೆಬ್ರವರಿ ಎಂಟು, ಮಧ್ಯಾಹ್ನ ಹನ್ನೆರಡು. ಶುನ್-ಮಾನ್ ದೋಣಿ ಮುಳುಗಿ ಆರು ಜನ ಸತ್ತರು ಅಂತ ವಾರ್ತೆ ಬಂತು. ಅದನ್ನ ಬರೆದದ್ದು ನಾನು, ಹುಂಗ್ ಚಿನ್-ತೆ. ಯೆನ್ ಪಿ-ಯುನ್ ಅದನ್ನ ಎಲ್ಲರೆದುರು ತಿದ್ದಿದಳು. ತಿದ್ದಿದ್ದಕ್ಕೆ ಕೆಲಸ ಹೋಯಿತು. ನನ್ನ ಹೆಸರು ಹೇಳಲಿಲ್ಲ. ಅದಕ್ಕೆ ನನ್ನ ಕೆಲಸ ಉಳಿಯಿತು. ಮಗಳಿಗಾಗಿ ಬಿಟ್ಟಳು ಅಂತ ಊರು ಹೇಳಿತು. ನಾನು ಸುಮ್ಮನಿದ್ದೆ. ಅದು ಎರಡನೇ ತಪ್ಪು. ಮಗಳು ಆಗ ಹುಟ್ಟೇ ಇರಲಿಲ್ಲ. ಅವಳು ಅಮ್ಮನಿಂದ ಏನನ್ನೂ ಕಿತ್ಕೊಳ್ಳಲಿಲ್ಲ. ಕ್ಷಮೆ ಕೇಳ್ತೀನಿ. ಇಬ್ಬರದ್ದೂ.”

ಮೈಕನ್ನು ಕೋ ಅವರಿಗೆ ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟ.

ಗಂಟೆ ಹತ್ತೂಕಾಲು. ತಪ್ಪು ಹನ್ನೆರಡಕ್ಕಾದರೆ ತಿದ್ದುಪಡಿಯೂ ಹನ್ನೆರಡಕ್ಕೇ ಆಗಬೇಕು. ಅಮ್ಮ ಆಕ್ಷೇಪಣೆ ಎತ್ತುತ್ತಿದ್ದಳು. ಬರವಣಿಗೆಯಲ್ಲಿ ತಪ್ಪು ಹುಡುಕುತ್ತಿರಲಿಲ್ಲ. ಯಾರು, ಯಾವಾಗ, ಎಲ್ಲಿ, ಎಲ್ಲ ಇತ್ತು.

ಕೋ ಅವರು ಬೆವರೊರೆಸಿಕೊಂಡು, ಬೇರೇನೂ ತೋಚದೆ, ಮುಂದಿನ ಕಾಗದ ತೆಗೆದರು. ಫಾರಂಗಳ ಕಟ್ಟು. ಎಲ್ಲಕ್ಕಿಂತ ಮೇಲಿದ್ದದ್ದು ನನ್ನದು. (ಬೆಳಿಗ್ಗೆ ಮೇಲೆ ಇಟ್ಟವರು ಯಾರೋ ತಿಳಿದುಬಂದಿಲ್ಲ.)

“ಈಗ ನಮನ ಸಲ್ಲಿಸುವವರು… ಮಧ್ಯಾಹ್ನ ಹನ್ನೆರಡರ ವಾರ್ತೆಯಲ್ಲಿ ಮುಳುಗಿದವರ ಸಂಘ.” ಜೇನುದನಿ ಅಲ್ಲಿ ಸ್ವಲ್ಪ ಹಳಸಿತು. ಆದರೂ ನಿಲ್ಲಲಿಲ್ಲ, ವೃತ್ತಿಪರರು. “ಅಧ್ಯಕ್ಷರು, ಲೂ ಮಾನ್-ಶಾನ್.”

“ಬದುಕಿದೀನಿ!” ಅಂತ ಹಿಂದಿನಿಂದ ಲೂ ತಾತ.

ಯಾರೂ ಹೇಳಿಕೊಟ್ಟಿರಲಿಲ್ಲ. ನಾನಂತೂ ಇಲ್ಲ. ಕೋ ಅವರು ಎರಡನೇ ಹೆಸರು ಓದಿದರು. “ಬದುಕಿದೀನಿ.” ಮೂರನೆಯದು. ಒಬ್ಬನಿಗೆ ಊರುಗೋಲು. ನಾಲ್ಕು, ಐದು. ಹಳೇ ಕೋಟು, ಮೀನು ವಾಸನೆ, ಸಾಲಾಗಿ ನಡೆದು ಬಂದರು. ನಾನೂರು ಜನ ಎದ್ದು ನಿಂತಿದ್ದರು. ಶವಸಂಸ್ಕಾರದಲ್ಲಿ ಜನ ನಗುತ್ತಲೂ ಅಳುತ್ತಲೂ ಇದ್ದರು, ಯಾವುದು ಯಾವುದೆಂದು ವಿಂಗಡಿಸುವ ಹಾಗಿರಲಿಲ್ಲ.

ಆರನೇ ಹೆಸರು. ಒಬ್ಬ ಹೆಂಗಸು ಮುಂದೆ ಬಂದಳು.

“ನಮ್ಮನೆಯವರು ಹೋದ ವರ್ಷ ಹೋದ್ರು” ಅಂದಳು, ಅಮ್ಮನ ಫೋಟೋಗೆ. “ಈ ಸಲದ ಸುದ್ದಿ ನಿಜ, ರಿಪೋರ್ಟರಮ್ಮ. ನಡುವೆ ಹತ್ತೊಂಬತ್ತು ವರ್ಷ ಮೀನು ಮಾರಿ ಮೂರು ಮಕ್ಕಳ ಮದುವೆ ಮಾಡಿದ್ರು.”

ಆರು ಜನ ಒಟ್ಟಿಗೆ ಮೂರು ಸಲ ತಲೆಬಾಗಿದರು. ಕೋ ಅವರು “ಈಗ ಮಗಳು…” ಅಂತ ಶುರುಮಾಡಿದವರು ನನ್ನ ಮುಖ ನೋಡಿ ಸುಮ್ಮನಾದರು. ಅಳಲು ಅಪ್ಪಣೆ ಬೇಕಾಗಿರಲಿಲ್ಲ.

ದೊಡ್ಡತ್ತೆ ಅಪ್ಪನ ಬೆನ್ನಿಗೆ ಗುದ್ದಿದಳು. “ನನ್ ಹತ್ರಾನೂ ಹೇಳ್ಲಿಲ್ವಲ್ಲೋ ಆ-ತೆ! ನಾನು ಈ ಮಗೂಗೆ ಏನೇನೆಲ್ಲ ಅಂದ್ಬಿಟ್ಟೆ!” ಆಮೇಲೆ ನನ್ನ ಕಡೆ ತಿರುಗಿ ಮೂಗೊರೆಸಿಕೊಂಡಳು. “ಏ ಆ-ಮಿನ್, ಆ ಸಂಘದ ಕಿತಾಪತಿ ನಿಂದೇ ಅಲ್ವಾ?”

“ಆಧಾರ?” ಅಂದೆ.

ನವೆಂಬರ್ 10. ಬೆಳಿಗ್ಗೆ

ಶಾಮಿಯಾನ ಬಿಚ್ಚಿಕೊಂಡು ಹೋದರು. ಮನೆ ಮುಂದೆ ಬಿಸಿಲು ನೇರವಾಗಿ ಬೀಳುತ್ತಿದೆ. ಅಪ್ಪ ಎರಡು ಬಟ್ಟಲು ಹೀರೇಕಾಯಿ ಸಾರು ಸುರಿದುಕೊಂಡು ಮೂರನೆಯದಕ್ಕೆ ಕೈ ಹಾಕಿದ್ದಾನೆ. ರೇಡಿಯೋ ಕೇಂದ್ರದಿಂದ ಫೋನ್ ಬಂದಿತ್ತು. ಈಗಿನ ಮುಖ್ಯಸ್ಥೆ ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವಳು, ಅಷ್ಟೇ. ಬುಧವಾರ ಹನ್ನೆರಡರ ವಾರ್ತೆಯಲ್ಲಿ ಇದನ್ನು ಓದುತ್ತಾರಂತೆ. ಅಪ್ಪನೇ ಬರೆದುಕೊಡಬೇಕಂತೆ. “ಎರಡು ಆಧಾರ ಇಟ್ಟು ಬರೀ” ಅಂದೆ. “ಆರು ಇವೆ” ಅಂದ.

ಜೋಕ್! ಅಪ್ಪ!

ಆಮೇಲೆ ತಮ್ಮ ಮದುವೆ ಹೇಗೆ ಗೊತ್ತಾಯಿತೆಂದು ತಾನಾಗಿಯೇ ಶುರುಮಾಡಿದ್ದಾನೆ. ಫೆಬ್ರವರಿ ಹನ್ನೊಂದು, ಅಮ್ಮ ತನ್ನ ಸಾಮಾನಿನ ಡಬ್ಬಿ ಎತ್ತಿಕೊಂಡು ಕೇಂದ್ರದ ಗೇಟಿನಿಂದ ಹೊರಬಂದಳಂತೆ. ಅಪ್ಪ ಹಿಂದೆಯೇ ಓಡಿದನಂತೆ. ಅಮ್ಮ ತಿರುಗಿ ನೋಡಿ, ‘ನಿನಗೊಂದು ಪ್ರಶ್ನೆ, ಹೌದು ಇಲ್ಲ ಅಷ್ಟೇ ಹೇಳು’ ಅಂದಳಂತೆ—

ಅಪ್ಪ ಸಾರಿನ ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಾನೆ. ಪೆನ್ನು ಕೆಳಗಿಟ್ಟರೆ ಮಾತ್ರ ಮುಂದೆ ಹೇಳುತ್ತಾನಂತೆ. ಇಡುತ್ತೇನೆ ಅಪ್ಪ, ಇನ್ನೊಂದು ಸಾಲು, ಇಗೋ